ಮಗುವಿನ ಮಾತು ತಡವಾದರೆ ಕಾಯಬೇಡಿ

ಹಾಲು ಉತ್ಪಾದಕ ಸಹೋದರಿಯರೇ,

ಕರು ಒಂದು ಹೊತ್ತು ಹಾಲು ಕುಡಿಯದಿದ್ದರೆ ಕೂಡಲೇ ನನಗೆ ಫೋನ್ ಮಾಡುತ್ತೀರಿ. ಎರಡು ವರ್ಷದ ಮಗು ಮಾತಾಡದಿದ್ದರೆ ಮಾತ್ರ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಸುಮ್ಮನಿರುತ್ತೇವೆ. ನಾನು ದನಗಳ ಡಾಕ್ಟರು, ನಿಜ. ಆದರೂ ಹೇಳುತ್ತೇನೆ: ಮಾತು ಕಲಿಯಲು ಮೊದಲ ಮೂರು ವರ್ಷ ಬಹಳ ಮುಖ್ಯ. ಕಾಯಬೇಡಿ.

ಮಗು ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಿ ನೋಡಬೇಕು. ಒಂದೂವರೆ ವರ್ಷಕ್ಕೆ ಕೆಲವು ಪದ ಆಡಬೇಕು. ಎರಡು ವರ್ಷಕ್ಕೆ "ಹಾಲು ಬೇಕು" ಎಂದು ಎರಡು ಪದ ಸೇರಿಸಬೇಕು. ಇಲ್ಲದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕಿವಿ ಕೇಳದ ಮಗುವಿಗೆ ಮಾತು ಕಲಿಯುವುದು ಕಷ್ಟ. ಈ ಪರೀಕ್ಷೆ ಫೋನಿನಲ್ಲಿ ಆಗುವುದಿಲ್ಲ, ಆಸ್ಪತ್ರೆಗೆ ಹೋಗಲೇಬೇಕು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ತೋರಿಸಿ, ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಂತರದ ತರಬೇತಿಗೆ ಪ್ರತಿ ಸಲ ಊರು ಬಿಟ್ಟು ಹೋದರೆ ಎರಡು ಹೊತ್ತಿನ ಹಾಲು ಕರೆಯುವವರು ಯಾರು? ಇದೇ ಕಾರಣಕ್ಕೆ ಎಷ್ಟೋ ತಾಯಂದಿರು ಅರ್ಧಕ್ಕೇ ನಿಲ್ಲಿಸುತ್ತಾರೆ. ಇದಕ್ಕೊಂದು ದಾರಿಯಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ವಿಡಿಯೊ ಕರೆಯಲ್ಲೂ ಮಾತಿನ ತರಬೇತಿ ಕೊಡುತ್ತಾರೆ. ಯಾವ ಮಗುವಿಗೆ ಇದು ಸಾಕು, ಯಾವ ಮಗು ನೇರವಾಗಿ ಬರಬೇಕು ಎಂಬುದನ್ನು ತಜ್ಞರೇ ಪರೀಕ್ಷಿಸಿ ಹೇಳುತ್ತಾರೆ.

ವಿಡಿಯೊ ಕರೆಯಲ್ಲಿ ತಜ್ಞರು ಮಗುವಿನ ಜೊತೆ ನಿಮಗೂ ಕಲಿಸುತ್ತಾರೆ. ನೀವು ಮಗುವಿನೊಡನೆ ಆಡುತ್ತೀರಿ, ಅವರು ನೋಡಿ ತಿದ್ದುತ್ತಾರೆ. ಉಳಿದ ದಿನ ಅಭ್ಯಾಸ ಮಾಡಿಸುವವರು ನೀವೇ. ಅದಕ್ಕೆ ನಿಮ್ಮ ಕೊಟ್ಟಿಗೆಯೇ ಶಾಲೆ. ಹುಲ್ಲು ಹಾಕುವಾಗ "ಕರು ಎಲ್ಲಿ?" ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಮಗುವಿನ ಮುಖ ನೋಡಿ. ಅದು "ಕಯ್ಯು" ಎಂದರೂ ಬೈಯಬೇಡಿ, ನಗಬೇಡಿ. "ಹೌದು, ಕರು! ಕರು ಬಂತು" ಎಂದು ನೀವು ಸರಿಯಾಗಿ ಹೇಳಿ. ಕೈ ತೋರಿಸಿದ ಕೂಡಲೇ ಎಲ್ಲ ಕೊಡಬೇಡಿ, ಮಾತಾಡಲು ಅವಕಾಶ ಕೊಡಿ.

ಕರೆಗೆ ಹಾಲು ಕರೆಯುವ ಹೊತ್ತು ಬಿಟ್ಟು ಬೇರೆ ಸಮಯ ಕೇಳಿ. ನೆಟ್‌ವರ್ಕ್ ಸಿಗುವ ಜಾಗ ಮೊದಲೇ ನೋಡಿಕೊಳ್ಳಿ. ಫೋನನ್ನು ಚೊಂಬಿಗೆ ಒರಗಿಸಿಡಿ, ಟಿವಿ ಆರಿಸಿ. ಕರೆ ಮುಗಿದ ಮೇಲೆ ಅದೇ ಫೋನನ್ನು ಕಾರ್ಟೂನ್ ನೋಡಲು ಮಗುವಿನ ಕೈಗೆ ಕೊಡಬೇಡಿ. ಕಾರ್ಟೂನ್ ಮಾತಾಡುತ್ತಲೇ ಇರುತ್ತದೆ, ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಕರುವಿಗೆ ತೋರುವ ಅವಸರವನ್ನು ಮಗುವಿಗೂ ತೋರಿ.