ನಿಮಗಿದು ಗೊತ್ತೇ? ಗಾಳಿಗೆ ಅಂಜುವ ಗರಿಚೆಂಡು

ಜೀರಹಳ್ಳಿಯ ಬಯಲಿನಲ್ಲಿ ಶಟಲ್ ಆಡುವವರಿಗೆ ಎದುರಾಳಿ ಇಬ್ಬರು: ನೆಟ್ಟಿನ ಆಚೆ ನಿಂತವನೊಬ್ಬ, ಆಷಾಢದ ಗಾಳಿ ಇನ್ನೊಬ್ಬ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ಸಿಗುವ ಈ ತಾಳವಾಡಿ ಸೀಮೆಯಲ್ಲಿ ಗಾಳಿ ಎದ್ದಿತೆಂದರೆ ಹೊಡೆದ ಕಾಕ್ ಹೊಡೆದವನ ಬೆನ್ನ ಹಿಂದೆಯೇ ಬಿದ್ದೀತು. ಈ ಆಟದ ಚರಿತ್ರೆಯ ಅರ್ಧಪಾಲು ಗಾಳಿಯ ಜೊತೆಗಿನ ಜಗಳವೇ.

ಕಾಕಿನ ತೂಕ ಎಷ್ಟು ಗೊತ್ತೇ? 4.74ರಿಂದ 5.50 ಗ್ರಾಂ. ಗರಿಗಳು 16. ಎಲ್ಲವೂ ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡಬಲ ಬೆರೆತರೆ ಕಾಕ್ ನೆಟ್ಟಗೆ ತಿರುಗುವುದಿಲ್ಲ.

ಬ್ಯಾಡ್ಮಿಂಟನ್ ಎಂಬುದು ಇಂಗ್ಲೆಂಡಿನ ಒಂದು ಮನೆಯ ಹೆಸರು. ಗ್ಲಾಸ್ಟರ್‌ಶೈರ್‌ನಲ್ಲಿರುವ ಬ್ಯೂಫರ್ಟ್ ಡ್ಯೂಕರ ಬಂಗಲೆ ಅದು. ಆದರೆ ಆಟ ನಮ್ಮ ಪುಣೆಯ ದಂಡಿನಲ್ಲಿ ಬೆಳೆದದ್ದು. ಹಾಗಾಗಿ ಅದಕ್ಕೆ 'ಪೂನಾ' ಎಂಬ ಹೆಸರೂ ಇತ್ತು.

ಗಾಳಿಗೆ ನಮ್ಮವರು ಕಂಡುಕೊಂಡ ಉಪಾಯ ಉಣ್ಣೆಯ ಚೆಂಡು. ಅದೇ ಬಾಲ್ ಬ್ಯಾಡ್ಮಿಂಟನ್: ಒಂದು ಕಡೆಗೆ ಐದು ಜನ, ಬಯಲೇ ಅಂಕಣ, ಹಳದಿ ಚೆಂಡು. ತಂಜಾವೂರಿನ ಅರಮನೆಯವರಿಗೆ ಪ್ರಿಯವಾಗಿದ್ದ ಆಟವಂತೆ. ತಮಿಳಿನಲ್ಲಿ ಇದು 'ಪೂಪ್ಪಂದು', ಹೂಚೆಂಡು. ಶಟಲ್ 'ಇರಗುಪ್ಪಂದು', ಗರಿಚೆಂಡು. ಹೆಸರಿಡುವುದರಲ್ಲಿ ತಮಿಳರು ನಮಗಿಂತ ಒಂದು ಕೈ ಮೇಲು ಎಂದು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಶಟಲ್ ಬ್ಯಾಡ್ಮಿಂಟನ್ನಿನ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1934ರಲ್ಲಿ, 9 ಸದಸ್ಯರೊಂದಿಗೆ. ಆಟ ಬೆಳೆಸಿದ ಭಾರತ ಆ ಒಂಬತ್ತರಲ್ಲಿ ಇರಲಿಲ್ಲ! ಸೇರಿದ್ದು 1936ರಲ್ಲಿ.

ಆಲ್ ಇಂಗ್ಲೆಂಡ್ ಟೂರ್ನಿಯ ಒಂದು ಕ್ವಾರ್ಟರ್ ಫೈನಲ್ ನಾಣ್ಯ ಚಿಮ್ಮಿಸಿ ತೀರ್ಮಾನವಾಗಿತ್ತು ಎಂದರೆ ನಂಬುತ್ತೀರಾ? 1947ರಲ್ಲಿ ಭಾರತದ ಪ್ರಕಾಶ್ ನಾಥ್, ದೇವಿಂದರ್ ಮೋಹನ್ ಇಬ್ಬರೂ ಎದುರುಬದುರಾದರು. ಗೆಳೆಯರಿಬ್ಬರೂ ಕಾದಾಡಿ ಸುಸ್ತಾಗುವುದೇಕೆ ಎಂದು ಟಾಸ್ ಹಾಕಿದರು. ಟಾಸ್ ಗೆದ್ದ ನಾಥ್ ಫೈನಲ್‌ವರೆಗೂ ಹೋಗಿ ಸ್ವೀಡನ್ನಿನ ಕಾನಿ ಯೆಪ್ಸೆನ್‌ಗೆ ಸೋತರು.

ಅಲ್ಲಿಂದ 33 ವರ್ಷ ದಾಟಿ ಬಂದ ಗೆಲುವೊಂದರ ಬೇರು ಇಲ್ಲಿದೆ: ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣ. ಅದು ಮದುವೆ ಹಾಲ್ ಕೂಡ. ಮುಹೂರ್ತವಿದ್ದ ದಿನ ಹುಡುಗರಿಗೆ ಆಟವಿಲ್ಲ. ಊಟದ ಸಾಲು ಎದ್ದು, ನೆಲ ಒರೆಸಿ, ಮತ್ತೆ ನೆಟ್ ಕಟ್ಟಬೇಕು. ಅಲ್ಲಿ ಪಳಗಿದ ಹುಡುಗ ಪ್ರಕಾಶ್ ಪಡುಕೋಣೆ. ಮನೆಹೆಸರು ಕುಂದಾಪುರ ಸೀಮೆಯ ಊರಿನದು. ತಂದೆ ರಮೇಶ್ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ರಾಜ್ಯ ಜೂನಿಯರ್ ಟೂರ್ನಿಗೆ ಮೊದಲ ಸಲ ಹೋದಾಗ ಮೊದಲ ಸುತ್ತಿನಲ್ಲೇ ಔಟ್! ಮುಂದೆ ಅದೇ ಹುಡುಗ ಸತತ 9 ಸಲ ರಾಷ್ಟ್ರೀಯ ಚಾಂಪಿಯನ್. 1980ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಎದುರಿಗಿದ್ದವನು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷದ ವಿಜೇತ, ಜಿಗಿದು ಹೊಡೆಯುವ ಸ್ಮ್ಯಾಷಿಗೆ ಹೆಸರುವಾಸಿ. ಪ್ರಕಾಶ್ ಅವನನ್ನು ಜಿಗಿಯಲೇ ಬಿಡಲಿಲ್ಲ. ನೆಟ್ ಪಕ್ಕ ಮೆಲ್ಲಗೆ ಇಳಿಸುವ ಡ್ರಾಪ್, ಹಿಂದಿನ ಗೆರೆಗೊಂದು ಎತ್ತರದ ಹೊಡೆತ, ಮತ್ತೆ ಡ್ರಾಪ್. 15-3, 15-10. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ.

ನಟಿ ದೀಪಿಕಾ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಏಕೆ? ಅಪ್ಪ ಪ್ರಕಾಶ್ ಆಟಕ್ಕಾಗಿ ಅಲ್ಲಿ ನೆಲೆಸಿದ್ದರು, ಅಷ್ಟೆ.

ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್ ಶುರುವಾದದ್ದು 1949ರಲ್ಲಿ, ಮೊದಲು ಗೆದ್ದದ್ದು ಮಲಯ. ಭಾರತಕ್ಕೆ ಸಿಕ್ಕಿದ್ದು 2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ, 14 ಸಲ ಗೆದ್ದಿದ್ದ ಇಂಡೋನೇಷ್ಯಾವನ್ನು 3-0ರಿಂದ ಮಣಿಸಿ. ಅಂದು ಮೊದಲ ಪಂದ್ಯ ಗೆದ್ದುಕೊಟ್ಟ ಲಕ್ಷ್ಯ ಸೇನ್ ಅಲ್ಮೋರದ ಹುಡುಗ, ಪಳಗಿದ್ದು ಬೆಂಗಳೂರಿನ ಪಡುಕೋಣೆ ಅಕಾಡೆಮಿಯಲ್ಲಿ.

ಜಿಲ್ಲಾಧಿಕಾರಿಯ ಕುರ್ಚಿಯಿಂದೆದ್ದು ಹೋಗಿ ಪ್ಯಾರಾಲಿಂಪಿಕ್ಸ್ ಬೆಳ್ಳಿ ತಂದವರು ನಮ್ಮ ಹಾಸನದವರೇ: ಸುಹಾಸ್ ಯತಿರಾಜ್. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್, ಆಮೇಲೆ ಉತ್ತರ ಪ್ರದೇಶದಲ್ಲಿ ಐಎಎಸ್. ಟೋಕಿಯೊ ಆಯಿತು, 2024ರಲ್ಲಿ ಪ್ಯಾರಿಸ್ ಆಯಿತು. ಎರಡೂ ಸಲ ಫೈನಲ್‌ನಲ್ಲಿ ಅಡ್ಡ ನಿಂತವನು ಫ್ರಾನ್ಸಿನ ಲ್ಯೂಕಾ ಮಜೂರ್.

ಇನ್ನು ಗಾಳಿಯ ವಿಷಯಕ್ಕೆ. ಬಯಲಲ್ಲೂ ಆಡಬಹುದಾದ ಏರ್ ಬ್ಯಾಡ್ಮಿಂಟನ್ ಎಂಬ ಆಟವನ್ನು ವಿಶ್ವ ಒಕ್ಕೂಟ ಹೊರತಂದದ್ದು 2019ರಲ್ಲಿ. ಪೂಪ್ಪಂದಿನವರು ನಕ್ಕಿರಬೇಕು.

ಕಡೆಗೊಂದು: ಎತ್ತರದ ಊರಿನಲ್ಲಿ ಗಾಳಿ ತೆಳು. ಕಾಕಿಗೆ ತಡೆ ಕಡಿಮೆ, ಓಟ ಜಾಸ್ತಿ. ಆದ್ದರಿಂದಲೇ ಡಬ್ಬಿಯ ಮೇಲೆ ವೇಗದ ನಂಬರ್ ಇರುತ್ತದೆ. ಊರು ಎತ್ತರವಾದಷ್ಟೂ ನಿಧಾನದ ಕಾಕ್ ಬೇಕು. ಪರೀಕ್ಷೆ ಸುಲಭ. 13.4 ಮೀಟರ್ ಅಂಕಣದ ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ ಹೊಡೆಯಿರಿ. ಆಚೆಯ ಹಿಂದಿನ ಗೆರೆಗೆ 53ರಿಂದ 99 ಸೆಂ.ಮೀ. ಈಚೆಗೆ ಬಿದ್ದರೆ ಕಾಕ್ ಸರಿ. ಗೆರೆಗೆ ಇನ್ನೂ ಹತ್ತಿರ ಬಿದ್ದರೆ ಅದಕ್ಕೆ ಓಟ ಜಾಸ್ತಿ ಎಂದು ಅರ್ಥ. ಜೀರಹಳ್ಳಿಯಲ್ಲಿ ಈ ಪರೀಕ್ಷೆ ಮಾಡುವವರು ಆಷಾಢ ಕಳೆಯುವವರೆಗೆ ಕಾಯುವುದು ಲೇಸು.