ಮಗ್ಗದ ಸದ್ದಿನ ಮರೆಯಲ್ಲಿ ಒಂದು ಪಾಠ

ಬನಹಟ್ಟಿಯ ಓಣಿಯಲ್ಲಿ ಬೆಳಗ್ಗೆಯೇ ಮಗ್ಗಗಳ ಖಟಖಟ. ಆಶಾ ಕಾರ್ಯಕರ್ತೆ ಮುಂದೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ನರ್ಸ್ ಎರಡು ಹೆಜ್ಜೆ ಹಿಂದೆ, ಅವರ ಹಿಂದೆ ನಾನು. ಇವತ್ತು ಮಾತಾಡಬೇಕಾದವಳು ಆಶಾ. ನರ್ಸ್ ಅಕ್ಕ ನೋಡುವವರು ಮಾತ್ರ.

ಮನೆಯವರ ಒಪ್ಪಿಗೆ ಪಡೆದು ಕಟ್ಟೆಯ ಮೇಲೆ ಕುಳಿತೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಸೊಸೆಗೆ ಎರಡು ತಿಂಗಳಿಂದ ನಿದ್ದೆಯಿಲ್ಲ. "ಎದಿ ಡವಡವ ಅಂತೈತ್ರಿ, ಕೈಕಾಲಾಗ ಬಲಾನ ಇಲ್ಲ" ಎಂದಳು. ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಅತ್ತೆಯದು: "ಆಕೀಗಿ ಗಾಳಿ ಸೋಕೈತ್ರಿ." ಆಶಾ ತಲೆ ತಗ್ಗಿಸಿ ಅದನ್ನೇ ಬರೆದುಕೊಳ್ಳುತ್ತಿದ್ದಳು. ನರ್ಸ್ ಎದ್ದು, "ಬರ್ರಿ ಯವ್ವಾ, ನಿಮ್ಮ ಬಿ.ಪಿ. ನೋಡೂಣು" ಎಂದು ಅತ್ತೆಯನ್ನು ಅಂಗಳಕ್ಕೆ ಕರೆದೊಯ್ದರು. ಒಳಗೆ ಇಬ್ಬರೇ ಉಳಿದರು. ಮಗ್ಗದ ಸದ್ದಿಗೆ ಪಕ್ಕದ ಮನೆಗೆ ಏನೂ ಕೇಳುವಂತಿರಲಿಲ್ಲ.

ಹೊರಬಂದ ಮೇಲೆ ಬೇವಿನ ನೆರಳಲ್ಲಿ ನಿಜವಾದ ಪಾಠ ನಡೆಯಿತು. "ಸಾಯೂ ವಿಚಾರ ಬರ್ತಾವೇನು ಅಂತ ಯಾಕ ಕೇಳಲಿಲ್ಲ?" ಎಂದರು ನರ್ಸ್.

"ಕೇಳಿದ್ರ ಇಲ್ಲದ್ದು ತಲ್ಯಾಗ ಹೊಕ್ಕೀತು ಅಂತ ಅಂಜಿದೆ ಅಕ್ಕಾರ."

ಈ ಅಂಜಿಕೆ ಓದಿದವರಲ್ಲೂ ಇದೆ, ಆದರೆ ಅದು ತಪ್ಪು. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಳಗೇ ಒತ್ತಿಟ್ಟುಕೊಂಡವರಿಗೆ ಹಗುರಾಗುತ್ತದೆ. ನರ್ಸ್ ತಾವೇ ಸೊಸೆಯಾಗಿ ಕುಳಿತರು. ಆಶಾ ಮೂರು ಸಲ ಕೇಳಿ ನೋಡಿದಳು. ಮೂರನೆಯ ಸಲ ಅವಳ ದನಿ ನಡುಗಲಿಲ್ಲ.

ಇಬ್ಬರೂ ಮತ್ತೆ ಒಳಗೆ ಹೋದರು. ಈ ಸಲ ಆ ಹೆಣ್ಣುಮಗಳು ಬಹಳ ಹೊತ್ತು ಅತ್ತಳು. ಆಶಾ ತಡೆಯಲಿಲ್ಲ, ಪಕ್ಕದಲ್ಲೇ ಕೂತಳು. ಆಮೇಲೆ ಕೇಳಿದಳು: "ಕಬ್ಬಿಗೆ ಹೊಡಿಯೂ ಎಣ್ಣಿ ಎಲ್ಲಿಟ್ಟೀರಿ?" ಕೀಟನಾಶಕದ ಡಬ್ಬಿ ಮಂಚದ ಕೆಳಗಿತ್ತು. ಸಂಜೆಯೊಳಗೆ ಅದು ಮೈದುನನ ಮನೆಯ ಬೀಗದೊಳಗೆ ಹೋಯಿತು. ವಿಷ ಕೈಗೆ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ. ಕೃಷ್ಣಾ, ಘಟಪ್ರಭೆಯ ಕಬ್ಬಿನ ನಾಡಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ನನಗೆ ಕಾಣುವುದಿಲ್ಲ.

ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಈ ಕೆಲಸ ಕಲಿಸಬಹುದೆಂದು ಮೊದಮೊದಲು ತೋರಿಸಿಕೊಟ್ಟವರಲ್ಲಿ ಕರ್ನಾಟಕವೂ ಒಂದು. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಅದನ್ನು ಮಾಡಿ ನೋಡಿತು. 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಗೆ ಒಯ್ದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಆಶಾ ಕಾರ್ಯಕರ್ತೆಯರನ್ನು ಒಂದು ದಿನ ಸಭಾಂಗಣದಲ್ಲಿ ಕೂಡಿಸಿ, ಕೈಪಿಡಿ ಕೊಟ್ಟು ಕಳಿಸಿದರೆ ಸಾಲದು. ಬೇವಿನ ಕೆಳಗೆ ಆ ನರ್ಸ್ ಇರದಿದ್ದರೆ ಆಶಾ ಆ ಮನೆಗೆ ಮರಳುತ್ತಿರಲಿಲ್ಲ. ಹೀಗೆ ಜೊತೆ ನಡೆಯುವವರ ಪಗಾರ ಮತ್ತು ಬಸ್ಸಿನ ಖರ್ಚಿಗೆ ಸರ್ಕಾರ ಮೊದಲು ಹಣ ಇಡಲಿ.

ಮಂಗಳವಾರದ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಚಿಕಿತ್ಸೆಗೆ ಆ ಸೊಸೆಯನ್ನು ಜಮಖಂಡಿಯ ತಾಲೂಕು ಆಸ್ಪತ್ರೆಗೆ ಆಶಾ ತಾನೇ ಕರೆದೊಯ್ಯಲಿದ್ದಾಳೆ. ನಿಮ್ಮ ಮನೆಯಲ್ಲೂ ಯಾರಾದರೂ ನಿದ್ದೆಗೆಟ್ಟು ಕುಗ್ಗಿದ್ದರೆ, ಮಂಗಳವಾರದ ತನಕ ಕಾಯಬೇಡಿ: ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.