ಅರೆತಲೆನೋವಿನ ಮಾತ್ರೆ: ಯಾವುದರ ಜೊತೆ ಯಾವುದು ಕೂಡದು?

ಅರೆತಲೆನೋವು, ಅಂದರೆ ಮೈಗ್ರೇನ್ ಇರುವವರ ಮನೆಯಲ್ಲಿ ಮಾತ್ರೆ ಡಬ್ಬಿ ಖಾಲಿ ಇರುವುದಿಲ್ಲ. ಡೋಲೊ ಇರುತ್ತದೆ, ಕಾಂಬಿಫ್ಲಾಮ್ ಇರುತ್ತದೆ, ಯಾವಾಗಲೋ ತಂದ ವಾಸೋಗ್ರೇನ್ ಎರಡು ಉಳಿದಿರುತ್ತವೆ. ಅದೇ ಡಬ್ಬಿಯಲ್ಲಿ ಬಿಪಿ ಮಾತ್ರೆ, ಹೃದಯದ ಮಾತ್ರೆ, ಗಂಟಲುನೋವಿಗೆ ಬರೆದುಕೊಟ್ಟ ಆ್ಯಂಟಿಬಯೋಟಿಕ್. ತಲೆ ಸಿಡಿಯುವಾಗ ಕೈಗೆ ಸಿಕ್ಕಿದ್ದನ್ನು ನುಂಗಿಬಿಡುತ್ತೇವೆ. ಆದರೆ ಇವುಗಳಲ್ಲಿ ಕೆಲವು ಒಂದಕ್ಕೊಂದು ಆಗಿಬರುವುದಿಲ್ಲ. ಆಗಿಬರುತ್ತದೋ ಇಲ್ಲವೋ ಎಂಬುದು ಸ್ಟ್ರಿಪ್ಪಿನ ಮುಂದಿರುವ ದೊಡ್ಡ ಹೆಸರಿನಿಂದ ಗೊತ್ತಾಗುವುದಿಲ್ಲ. ಹಿಂದಿನ ಸಣ್ಣಕ್ಷರ ಓದಬೇಕು.

ಮೊದಲು ಪ್ಯಾರಸಿಟಮಾಲ್. ಇದು ಹೆಚ್ಚಿನ ಮಾತ್ರೆಗಳ ಜೊತೆ ಹೊಂದಿಕೊಳ್ಳುತ್ತದೆ. ತೊಂದರೆ ಬರುವುದು ಲೆಕ್ಕ ತಪ್ಪಿದಾಗ. ನೆಗಡಿ ಬಂದಿದೆ, ಜೊತೆಗೆ ತಲೆನೋವೂ ಇದೆ ಎಂದುಕೊಳ್ಳಿ. ಅನೇಕ ಶೀತದ ಮಾತ್ರೆಗಳಲ್ಲಿ 500 ಮಿ.ಗ್ರಾಂ ಪ್ಯಾರಸಿಟಮಾಲ್ ಇರುತ್ತದೆ. ದಿನಕ್ಕೆ ಮೂರು ನುಂಗಿದರೆ 1,500. ಡೋಲೊ 650 ಮೂರು ಸಲ, 1,950. ಕಾಂಬಿಫ್ಲಾಮ್‌ನಲ್ಲಿ 400 ಮಿ.ಗ್ರಾಂ ಐಬುಪ್ರೊಫೆನ್ ಜೊತೆ 325 ಮಿ.ಗ್ರಾಂ ಪ್ಯಾರಸಿಟಮಾಲ್ ಇದೆ. ಅದು ಎರಡಾದರೆ 650. ಒಟ್ಟು 4,100. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿಯೇ 4,000 ಮಿ.ಗ್ರಾಂ. ಲಿವರ್ ತೊಂದರೆ ಇರುವವರಿಗೆ, ಮದ್ಯ ಕುಡಿಯುವವರಿಗೆ, ತೀರಾ ಸಣಕಲು ಮೈಯವರಿಗೆ ಮಿತಿ ಇನ್ನೂ ಕಡಿಮೆ. ಮೂರು ಬೇರೆ ಬೇರೆ ಮಾತ್ರೆ ತಗೊಂಡೆ ಅಂದುಕೊಂಡವರು ನಿಜಕ್ಕೂ ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ನುಂಗಿರುತ್ತಾರೆ.

ಎರಡನೆಯ ಗುಂಪು ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೊಫೆನಾಕ್. ನೋವು, ಊತ ಎರಡನ್ನೂ ಇಳಿಸುವ ಇವನ್ನು ವೈದ್ಯರು ಎನ್‌ಎಸ್‌ಎಐಡಿ ಎನ್ನುತ್ತಾರೆ. ಬಿಪಿ ಇರುವವರು ಇಲ್ಲಿ ತುಸು ನಿಂತು ಓದಿ. ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಎರಡೂ ಒಂದೇ ಮಾತ್ರೆಯಲ್ಲಿರುವ ಬಿಪಿ ಔಷಧ ತುಂಬ ಬಳಕೆಯಲ್ಲಿದೆ. ಎರಡನೆಯದು ಮೂತ್ರ ಹೆಚ್ಚಿಸುವ ಔಷಧ. ಇವೆರಡರ ಮೇಲೆ ಐಬುಪ್ರೊಫೆನ್ ಬಿದ್ದರೆ ಕಿಡ್ನಿಗೆ ಹೋಗುವ ರಕ್ತ ಮೂರೂ ಕಡೆಯಿಂದ ಕಡಿಮೆಯಾಗಬಹುದು. ಮೈಗ್ರೇನ್ ಬಂದ ದಿನ ವಾಂತಿಯಾಗಿ ಮೈಯಲ್ಲಿ ನೀರೂ ಕಡಿಮೆಯಾಗಿರುತ್ತದೆ. ಅಪಾಯ ಹೆಚ್ಚುವುದೇ ಆಗ.

‘ನಾನು ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೇ ತಗೊಳ್ತೀನಲ್ಲ?’ ಎಂದು ಕೇಳಬಹುದು. ಅದು ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಹೃದಯಕ್ಕೆಂದು ದಿನಾ 75 ಮಿ.ಗ್ರಾಂ ಆಸ್ಪಿರಿನ್ ನುಂಗುವವರಿಗೂ ಐಬುಪ್ರೊಫೆನ್ ಸರಿಹೋಗುವುದಿಲ್ಲ. ಅದು ಮೊದಲೇ ಹೋಗಿ ಪ್ಲೇಟ್‌ಲೆಟ್‌ಗಳ ಮೇಲೆ ಕೂತರೆ ಆಸ್ಪಿರಿನ್‌ಗೆ ಕೆಲಸ ಮಾಡಲು ಜಾಗವೇ ಸಿಗುವುದಿಲ್ಲ. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಗೊಳ್ಳುವವರಲ್ಲಿ ಈ ಗುಂಪಿನ ಯಾವುದಾದರೂ ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು. ಇಂಥವರು ತಾವಾಗಿ ತಗೊಳ್ಳುವುದಾದರೆ ಪ್ಯಾರಸಿಟಮಾಲ್ ಒಂದೇ ಇರಲಿ; ಉಳಿದದ್ದನ್ನು ವೈದ್ಯರನ್ನು ಕೇಳಿಯೇ ತಗೊಳ್ಳಿ.

ಈಗ ವಾಸೋಗ್ರೇನ್. ನಮ್ಮಲ್ಲಿ ಬಾಯಿಂದ ಬಾಯಿಗೆ ಹೋಗುವ ಹೆಸರು ಇದೇ. ‘ನನಗೆ ಅದ್ರಿಂದ ಹೋಯ್ತು, ನೀನೂ ತಗೋ’ ಎಂದು ಪಕ್ಕದವರು ಕೊಡುವುದೂ ಉಂಟು. ಸ್ಟ್ರಿಪ್ ತಿರುಗಿಸಿ ನೋಡಿ. ಒಂದು ಮಾತ್ರೆಯಲ್ಲಿ ನಾಲ್ಕು ಔಷಧಗಳಿವೆ: ಎರ್ಗೊಟಮೈನ್ 1 ಮಿ.ಗ್ರಾಂ, ಕೆಫೀನ್ 100, ಪ್ಯಾರಸಿಟಮಾಲ್ 250, ಪ್ರೊಕ್ಲೋರ್‌ಪೆರಜೈನ್ 2.5. ಕೊನೆಯದು ವಾಂತಿಗೆ; ಅದು ಮಂಪರು ತರಿಸುತ್ತದೆ, ನಿದ್ದೆ ಮಾತ್ರೆಯೋ ಮದ್ಯವೋ ಸೇರಿದರೆ ಮಂಪರು ಇನ್ನೂ ಹೆಚ್ಚು. ಗಾಡಿ ಓಡಿಸಬೇಡಿ.

ನಿಜವಾಗಿ ಹೆದರಬೇಕಾದದ್ದು ಎರ್ಗೊಟಮೈನ್‌ಗೆ. ಇದು ರಕ್ತನಾಳಗಳನ್ನು ಬಿಗಿಯುತ್ತದೆ. ಇದನ್ನು ಕರಗಿಸಿ ಹೊರಹಾಕುವುದು ಲಿವರ್‌ನ ಒಂದು ಕಿಣ್ವ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳು, ಇಟ್ರಕೊನಜೋಲ್, ಕೀಟೊಕೊನಜೋಲ್ ಎಂಬ ಫಂಗಸ್ ಔಷಧಗಳು ಆ ಕಿಣ್ವವನ್ನು ತಡೆದುಬಿಡುತ್ತವೆ. ಆಗ ಎರ್ಗೊಟಮೈನ್ ರಕ್ತದಲ್ಲೇ ಏರುತ್ತಾ ಹೋಗುತ್ತದೆ. ಕೈಕಾಲಿನ ಬೆರಳು ತಣ್ಣಗಾಗುತ್ತವೆ, ಜೋಮು ಹಿಡಿಯುತ್ತವೆ, ನೀಲಿಗಟ್ಟುತ್ತವೆ. ಕಡೆಗೆ ಕೊಳೆತು ಕತ್ತರಿಸಬೇಕಾಗಲೂಬಹುದು. ಹುಳಕಡ್ಡಿಗೆ ವಾರಗಟ್ಟಲೆ ಇಟ್ರಕೊನಜೋಲ್ ತಗೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಚರ್ಮದ ಡಾಕ್ಟರಿಗೆ ತಲೆನೋವಿನ ಮಾತ್ರೆಯ ವಿಷಯ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ದಯವಿಟ್ಟು ಹೇಳಿ. ಬಸುರಿಯರು, ಹೃದ್ರೋಗ ಇರುವವರು ಎರ್ಗೊಟಮೈನ್ ಮುಟ್ಟಲೇಬಾರದು.

ಟ್ರಿಪ್ಟಾನ್‌ಗಳು ಮೈಗ್ರೇನ್‌ಗೆಂದೇ ಮಾಡಿದ ಮಾತ್ರೆಗಳು. ಸುಮಟ್ರಿಪ್ಟಾನ್, ರೈಜಟ್ರಿಪ್ಟಾನ್ ಹೆಸರು ನೀವು ಕೇಳಿರಬಹುದು. ಇವೂ ರಕ್ತನಾಳ ಬಿಗಿಯುತ್ತವೆ. ಹಾಗಾಗಿ ವಾಸೋಗ್ರೇನ್ ತಗೊಂಡ ಮೇಲೆ 24 ಗಂಟೆ ಟ್ರಿಪ್ಟಾನ್ ಬೇಡ. ಟ್ರಿಪ್ಟಾನ್ ತಗೊಂಡ ಮೇಲೆ 24 ಗಂಟೆ ವಾಸೋಗ್ರೇನ್ ಬೇಡ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರಿಗೆ, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಟ್ರಿಪ್ಟಾನ್ ಕೊಡುವುದಿಲ್ಲ. ಮೈಗ್ರೇನ್ ಬಾರದಂತೆ ದಿನಾ ಪ್ರೊಪ್ರನಲಾಲ್ ತಗೊಳ್ಳುವವರಲ್ಲಿ ರೈಜಟ್ರಿಪ್ಟಾನ್ ಮಟ್ಟ ಏರುತ್ತದೆ. ಅವರಿಗೆ 10ರ ಬದಲು 5 ಮಿ.ಗ್ರಾಂ ಮಾತ್ರೆ. ಸುಮಟ್ರಿಪ್ಟಾನ್‌ಗೆ ಈ ತೊಡಕಿಲ್ಲ. ಸುಮಟ್ರಿಪ್ಟಾನ್ ಜೊತೆ ನ್ಯಾಪ್ರಾಕ್ಸೆನ್ ಸೇರಿಸಿ ವೈದ್ಯರೇ ಕೊಡುತ್ತಾರೆ, ಗಾಬರಿ ಬೇಡ.

ಖಿನ್ನತೆಗೆ ಎಸ್ಸಿಟಲೊಪ್ರಾಮ್‌ನಂಥ ಮಾತ್ರೆ ತಗೊಳ್ಳುವವರು ಟ್ರಿಪ್ಟಾನ್ ತಗೊಂಡರೆ ಸೆರೊಟೋನಿನ್ ಅತಿಯಾಗಬಹುದು ಎಂದು ಅಮೆರಿಕದ ಎಫ್‌ಡಿಎ 2006ರಲ್ಲಿ ಎಚ್ಚರಿಸಿತ್ತು. ಹಾಗಾಗುವುದು ಬಲು ಅಪರೂಪ ಎಂದು ಆಮೇಲೆ ಕಂಡುಬಂತು. ಈ ಹೆದರಿಕೆಯಿಂದ ಖಿನ್ನತೆಯ ಮಾತ್ರೆ ನಿಲ್ಲಿಸಬೇಡಿ. ನಡುಕ, ವಿಪರೀತ ಬೆವರು, ಜ್ವರ, ಗೊಂದಲ ಒಟ್ಟಿಗೆ ಕಂಡರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಲೆಕ್ಕ ಕ್ಯಾಲೆಂಡರಿನದು. ವಾಸೋಗ್ರೇನ್, ಟ್ರಿಪ್ಟಾನ್ ತಿಂಗಳಲ್ಲಿ 10 ದಿನ, ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ 15 ದಿನ ಮುಟ್ಟಿ, ಮೂರು ತಿಂಗಳಿಗೂ ಹೆಚ್ಚು ಹೀಗೇ ನಡೆದರೆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಮಾತ್ರೆ ನುಂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ವೈದ್ಯರಿಗೆ ಅದೇ ಬೇಕಾಗುವುದು.

ಖರ್ಚಿನ ಮಾತು. ಪ್ಯಾರಸಿಟಮಾಲ್ ಮಾತ್ರೆ ಒಂದೆರಡು ರೂಪಾಯಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಟ್ರಿಪ್ಟಾನ್ ಒಂದಕ್ಕೇ ಹತ್ತಾರು ರೂಪಾಯಿ, ಚೀಟಿಯೂ ಬೇಕು. ಜನೌಷಧಿ ಕೇಂದ್ರಗಳಲ್ಲಿ ಬ್ರ್ಯಾಂಡ್ ಹೆಸರಿಲ್ಲದ ಮಾತ್ರೆ ಅಗ್ಗ. ಔಷಧದ ಹೆಸರೇ ದೊಡ್ಡದಾಗಿ ಬರೆದಿರುವುದರಿಂದ ಲೆಕ್ಕವೂ ತಪ್ಪುವುದಿಲ್ಲ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳ ಹಿಂಬದಿಯ ಫೋಟೊ ಮೊಬೈಲಿನಲ್ಲಿರಲಿ. ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಇರುವ ಹೊತ್ತಿಗೆ ಹೋಗಿ ತೋರಿಸಿ, ಕೇಳಿ, ಅದಕ್ಕೆ ದುಡ್ಡಿಲ್ಲ. ಔಷಧದಿಂದ ಅಡ್ಡಪರಿಣಾಮವಾಗಿದ್ದರೆ ತಿಳಿಸಲು ಉಚಿತ ಸಹಾಯವಾಣಿ ಇದೆ: 1800-180-3024. ಎಂದೂ ಕಾಣದಂಥ ತಲೆನೋವು ಒಮ್ಮೆಲೇ ಬಡಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಯಾವ ಮಾತ್ರೆಯನ್ನೂ ಹುಡುಕಬೇಡಿ; 108ಕ್ಕೆ ಫೋನ್ ಮಾಡಿ.